ಆಚೆ ಗೋಡೆಗೆ ಒಂದು ಗಡಿಯಾರ

ಅಪ್ಪ ಕೇಳಿದ್ದು ಗಂಟೆ. ನಾನು ತಂದದ್ದು ಗಡಿಯಾರ. ತಪ್ಪು ಎಲ್ಲಿ ಆಯಿತೆಂದು ಮನೆಯವರಿಗೆ ತಿಳಿಯುವ ಹೊತ್ತಿಗೆ ಆ ಗಡಿಯಾರ ಗೋಡೆ ಹತ್ತಿ, ಊರಿನವರಿಗೆ ಅಭ್ಯಾಸವಾಗಿ, ಕೆಳಗಿಳಿಸಲು ಬಾರದಂತಾಗಿತ್ತು.

ತೊಂಬತ್ತರ ದಶಕದ ನಡುವಿನ ವರ್ಷಗಳು. ನಾನು ಶ್ರೀರಂಗಪಟ್ಟಣದಲ್ಲಿ ಒಂದು ಕೋಣೆ ಹಿಡಿದು ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಪಾಂಡವಪುರ, ನಾಗಮಂಗಲಗಳಿಗೂ ಓಡಾಟವಿತ್ತು. ನಮ್ಮ ಊರು ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ, ಬೂಕನಕೆರೆಗೆ ಹತ್ತಿರ. ಬಿಡುವಾದ ಭಾನುವಾರಗಳಲ್ಲಿ ಹೋಗಿಬರುತ್ತಿದ್ದೆ. ಮನೆ ರಸ್ತೆಗೆ ಮುಖ ಮಾಡಿತ್ತು. ಮುಂದೆ ಸಗಣಿ ಸಾರಿಸಿದ ಅಂಗಳ. ಅಂಚಿಗೆ ಕಣಗಿಲೆ, ದಾಸವಾಳ, ಅತ್ತಿಗೆ ಎಣ್ಣೆ ಡಬ್ಬಗಳಲ್ಲಿ ಬೆಳೆಸಿದ ಕ್ರೋಟನ್ ಗಿಡಗಳು. ಅಂಗಳದ ಆಚೆ ಒಂದು ಹೊಂಗೆ ಮರ. ಅದರ ಕೆಳಗೆ ಬಸ್ಸು ನಿಲ್ಲುತ್ತಿತ್ತು.

ಅಪ್ಪ ಗದ್ದೆಯ ಬದುವಿನ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದ. ಮೂಳೆ ಕೂಡಿತು, ಆದರೆ ಮೊದಲಿನ ನಡಿಗೆ ಬರಲಿಲ್ಲ. ಯಾರಾದರೂ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರೆ ಕೋಲೂರಿಕೊಂಡು ಮೆಲ್ಲಗೆ ನಡೆಯುತ್ತಿದ್ದ. ತಾನಾಗಿ ಏಳಲು ಆಗುತ್ತಿರಲಿಲ್ಲ. ಬೆಳಿಗ್ಗೆ ಅಣ್ಣ ಅವನನ್ನು ಹಿತ್ತಲಿಗೆ ಕರೆದೊಯ್ದು, ಮುಖ ತೊಳೆಸಿ, ಅಂಗಳದಲ್ಲಿ ಗೋಡೆಗೆ ಒತ್ತಿ ಹಾಕಿದ ಕೈಕುರ್ಚಿಯಲ್ಲಿ ಕೂರಿಸಿ, ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಡುತ್ತಿದ್ದ. ಅಲ್ಲಿಂದ ಹಾಗೇ ಗದ್ದೆಗೆ. ಅವನು ಊಟಕ್ಕೆ ಬರುವವರೆಗೆ ಮನೆಯಲ್ಲಿ ಇರುತ್ತಿದ್ದವರು ಅಪ್ಪ ಮತ್ತು ಅತ್ತಿಗೆ ಮಾತ್ರ. ಅಮ್ಮ ತೀರಿಕೊಂಡು ವರ್ಷಗಳಾಗಿದ್ದವು.

ಆ ಹೊತ್ತಿನಲ್ಲಿ ಅಪ್ಪನಿಗೆ ಹಿತ್ತಲಿಗೆ ಹೋಗಬೇಕೆನಿಸಿದರೆ ಎಬ್ಬಿಸಲು ಅತ್ತಿಗೆಯನ್ನೇ ಕರೆಯಬೇಕು. ಅತ್ತಿಗೆ ಒಳಗೆ ಒಲೆಯ ಮುಂದೆಯೋ ಕೊಟ್ಟಿಗೆಯಲ್ಲೋ ಇರುತ್ತಿದ್ದರು. ಅವರಿಗೆ ಕೇಳಬೇಕಾದರೆ ಕೂಗಬೇಕು. ಕೂಗಿದರೆ ಹೊಂಗೆ ಮರದ ಕೆಳಗಿನವರಿಗೂ ಕೇಳುತ್ತದೆ. ಊರ ನ್ಯಾಯಕ್ಕೆ ಕೂತು ಮಾತಾಡಿದ್ದ ಗಂಡಸು, ಸೊಸೆಯನ್ನು ಬೀದಿಗೆ ಕೇಳುವಂತೆ ಕರೆದು ಒಂದಕ್ಕೆ ಹೋಗಬೇಕು ಅನ್ನಬೇಕು. ನಮ್ಮ ಕಡೆ ಮಾವನ ಎದುರು ಸೊಸೆ ಕೂರುವುದಿಲ್ಲ, ಬಾಗಿಲ ಮರೆಯಿಂದಲೇ ಉತ್ತರ ಕೊಡುತ್ತಾಳೆ. ಅತ್ತಿಗೆ ಹಿಂಜರಿಯುವವರಲ್ಲ, ಕರೆದರೆ ಬರುತ್ತಿದ್ದರು. ಅಪ್ಪನೇ ಕೂಗುತ್ತಿರಲಿಲ್ಲ. ಹೆಚ್ಚಿನ ದಿನ ಅಣ್ಣ ಬರುವವರೆಗೆ ತಡೆದುಕೊಂಡು ಕೂತಿರುತ್ತಿದ್ದ. ಅದಕ್ಕಾಗಿಯೇ ರಸ್ತೆಯಲ್ಲಿ ಹೋಗುವವರನ್ನೆಲ್ಲ ‘ಗಂಟೆ ಎಷ್ಟಾಯ್ತಪ್ಪ’ ಎಂದು ಕೇಳುತ್ತಿದ್ದ. ಈ ಕಾರಣ ನನಗೆ ಗೊತ್ತಾದದ್ದು ಆಮೇಲೆ. ಆಗ ನನಗೆ ಕಂಡದ್ದು, ಮುದುಕನೊಬ್ಬ ಬೇಸರಕ್ಕೆ ಹೊತ್ತು ಕೇಳುತ್ತಿದ್ದಾನೆ ಎಂದಷ್ಟೇ.

ಒಂದು ಭಾನುವಾರ ನಾನು ಅವನ ಪಕ್ಕ ಪೇಪರು ಹರಡಿಕೊಂಡು ಕೂತಿದ್ದೆ. ಅಪ್ಪ ದಾರಿಹೋಕರಿಬ್ಬರನ್ನು ಗಂಟೆ ಕೇಳಿದ. ಇಬ್ಬರ ಕೈಯಲ್ಲೂ ವಾಚಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗದೆ, ರಸ್ತೆ ನೋಡುತ್ತಲೇ ಹೇಳಿದ:

‘ಲೇ, ಇಲ್ಲೊಂದು ಗಂಟೆ ಕಟ್ಟುಸ್ಕೊಡ್ಲಾ.’

‘ಆಯ್ತಪ್ಪ’ ಅಂದೆ.

ನಾನು ಅವನ ಮಾತನ್ನು ಮನೆಯವರಿಗೆ ತಲುಪಿಸಿದ್ದು ಹೀಗೆ: ಅಪ್ಪನಿಗೆ ಆಚೆ ಗೋಡೆಗೆ ಗಡಿಯಾರ ಬೇಕಂತೆ. ಪತ್ರಿಕೆಯಲ್ಲಿ ನಮಗೆ ಮೊದಲು ಕಲಿಸಿದ ಪಾಠ, ಹೇಳಿದವನ ಮಾತನ್ನು ಹೇಳಿದ ಹಾಗೇ ಬರೆದುಕೊಳ್ಳಬೇಕು ಎಂಬುದು. ತಹಶೀಲ್ದಾರರ ಮಾತನ್ನು, ಸಂಘದ ಅಧ್ಯಕ್ಷರ ಮಾತನ್ನು ಹಾಗೆ ಬರೆದುಕೊಳ್ಳುತ್ತಿದ್ದೆ. ಅಪ್ಪ ‘ಕಟ್ಟುಸು’ ಅಂದಿದ್ದ. ಗಡಿಯಾರವನ್ನು ಯಾರೂ ಕಟ್ಟುವುದಿಲ್ಲ, ಗೋಡೆಗೆ ಹಾಕುತ್ತಾರೆ. ಕಟ್ಟುವುದು ಹಸುವಿನ ಕೊರಳಿಗೆ, ದೇವಸ್ಥಾನದ ತೊಲೆಗೆ. ಹಳ್ಳಿಯಲ್ಲಿ ಹುಟ್ಟಿದ ನನ್ನ ಕಿವಿಗೆ ಆ ಕ್ರಿಯಾಪದ ಬೀಳಲೇ ಇಲ್ಲ.

ಅತ್ತಿಗೆ, ‘ಒಳ್ಗೇ ಅಷ್ಟೊಂದು ಬಿದ್ದವಲ್ಲಪ್ಪ, ಅದ್ರಲ್ಲೇ ಒಂದ ತಕ್ಕಂಡು ಆಕು’ ಅಂದರು. ಅದು ನಿಜ. ಆಗ ಮದುವೆಗೂ ಗೃಹಪ್ರವೇಶಕ್ಕೂ ಬಂದವರೆಲ್ಲ ಗೋಡೆ ಗಡಿಯಾರ ಕೊಡುವ ಕಾಲ. ಕೊಟ್ಟವರ ಹೆಸರನ್ನು ಗಾಜಿನ ಮೇಲೆ ಬಣ್ಣದಲ್ಲಿ ಬರೆಸಿರುತ್ತಿದ್ದರು. ನಮ್ಮ ಅಟ್ಟದ ಮೇಲೆ ಅಂಥವು ಒಂದರ ಮೇಲೊಂದು ಪೇರಿಸಿದ್ದವು. ಅಣ್ಣ ಒಂದನ್ನು ಇಳಿಸಿ, ಶೆಲ್ಲು ಹಾಕಿ, ಕುರ್ಚಿಯ ಹಿಂದಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ.

ಅಪ್ಪ ಕತ್ತು ತಿರುಗಿಸಿ ನೋಡಿದ. ‘ಇದ್ಯಾಕ್ಲಾ?’ ಅಂದ.

‘ನೀನೇ ಕೇಳ್ದಲ್ಲಪ್ಪ, ಗಂಟೆ’ ಅಂದೆ.

ಅತ್ತಿಗೆ ಬಾಗಿಲಲ್ಲಿದ್ದರು. ಅಣ್ಣ ಕೈಯಲ್ಲಿ ಸುತ್ತಿಗೆ ಹಿಡಿದು ನಿಂತಿದ್ದ. ಅಪ್ಪ ಮೂವರ ಮುಖವನ್ನೂ ನೋಡಿದ. ನಾನು ಕೇಳಿದ್ದು ಇದಲ್ಲ ಅನ್ನಬೇಕಾದರೆ ಮತ್ಯಾವುದು, ಯಾತಕ್ಕೆ ಎಂದೂ ಹೇಳಬೇಕಿತ್ತು. ಅಷ್ಟನ್ನು ಹೇಳಬಾರದೆಂದೇ ಅವನು ಗಂಟೆ ಕೇಳಿದ್ದು. ‘ಊಂ’ ಅಂದು ಮತ್ತೆ ರಸ್ತೆಯ ಕಡೆ ತಿರುಗಿದ.

ಆ ಗಡಿಯಾರ ಹೊರಗೆ ಬಾಳಲಿಲ್ಲ. ಒಂದು ಮಳೆಗೆ ಗಾಜಿನ ಒಳಗೆ ಬೆವರು ಕಟ್ಟಿತು. ಬಿಸಿಲಿಗೆ ಪ್ಲಾಸ್ಟಿಕ್ಕು ಹಳದಿಯಾಯಿತು. ಹಲ್ಲಿ ಹಿಂದೆ ಮನೆ ಮಾಡಿತು. ಅದನ್ನು ಕೊಟ್ಟ ನೆಂಟರು ಬಸ್ಸು ಕಾಯುತ್ತ ತಮ್ಮ ಹೆಸರನ್ನು ತಾವೇ ಓದಿಕೊಂಡು, ‘ನಾವ್ ಕೊಟ್ಟಿದ್ದು ಬೀದಿಗೆ ಬಿತ್ತಾ’ ಅಂದು ನೀರನ್ನೂ ಕುಡಿಯದೆ ಹೋದರು. ಹೀಗಾಗಿ ಹೊರಗಡೆಗೆಂದೇ ಮಾಡಿದ ಗಡಿಯಾರ ತರಬೇಕೆಂದು ನಾನು ತೀರ್ಮಾನಿಸಿದೆ. ಆ ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡಿದೆ ಎಂಬುದನ್ನು ಇಲ್ಲಿ ಬರೆಯುವುದಕ್ಕೂ ನಾಚಿಕೆಯಾಗುತ್ತದೆ.

ಪಾಂಡವಪುರದ ಅಂಗಡಿಯವನು ಸಂಗೀತ ನುಡಿಸುವ ಗಡಿಯಾರ ತೋರಿಸಿದ. ಗಂಟೆಗೊಂದು ರಾಗ ಹೊರಡುತ್ತಿತ್ತು. ಅಂಗಳದಲ್ಲಿ ಇದೇನು ಮದುವೆ ಮನೆಯೇ ಎಂದುಕೊಂಡೆ. ಲೋಲಕದ್ದು ಗಾಳಿಗೆ ನಿಲ್ಲುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಸಿಕ್ಕದ್ದರಲ್ಲಿ ರೋಮನ್ ಅಂಕಿಗಳಿದ್ದವು. ಬಸ್ಸಿಗೆ ಬರುವ ಹೆಂಗಸರು ಓದಲಾರರು ಎಂದು ಬಿಟ್ಟೆ. ಮರ ಕೊಡುವ ನೆರಳು, ಗೋಡೆಯಿಂದ ಚಾಚಿದ ಸಜ್ಜದ ಅಗಲ, ಪಡುವಣ ಬಿಸಿಲು ಗೋಡೆಗೆ ಬೀಳುವ ರೀತಿ, ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡೆ. ಗಡಿಯಾರ ಯಾರಿಗೆ ಕಾಣಬೇಕು ಎಂಬ ಪ್ರಶ್ನೆ ಬಂದಾಗಲೆಲ್ಲ ನನ್ನ ಕಣ್ಣ ಮುಂದೆ ಇದ್ದದ್ದು ಹೊಂಗೆ ಮರದ ಕೆಳಗಿನ ಜನ.

ಕೊನೆಗೆ ಬೇರೆ ಕೆಲಸಕ್ಕೆ ನಾಗಮಂಗಲಕ್ಕೆ ಹೋದವನು ಅಲ್ಲಿ ಬೇಕಾದದ್ದನ್ನು ಕಂಡೆ. ತಗಡಿನ ದುಂಡು ಪೆಟ್ಟಿಗೆ, ಕಪ್ಪು ಅಂಚು, ಬಿಳಿ ಮುಖ, ದಪ್ಪ ಅಂಕಿಗಳು, ಗಾಜಿನ ಸುತ್ತ ರಬ್ಬರು. ಊಟದ ತಟ್ಟೆಗಿಂತ ದೊಡ್ಡದು.

‘ಯಾವ ಪ್ಯಾಕ್ಟ್ರಿಗೆ ಸ್ವಾಮಿ?’ ಅಂಗಡಿಯವನು ಕೇಳಿದ.

‘ಮನೆಗೆ. ಆಚೆ ಗೋಡೆಗೆ.’

‘ಮನೆಗಾ? ಇದನ್ನ ಆಕುದ್ರೆ ಮನೇರೆಲ್ಲ ಸಿಫ್ಟಿನ ಮ್ಯಾಲೆ ದುಡೀಬೇಕಾಯ್ತದೆ.’

‘ಮಳೆ ನೀರು ಒಳಕ್ಕೆ ಓಗಲ್ವಾ?’

‘ಕೊಳಾಯಿ ಕೆಳ್ಗೆ ಇಡೀತೀನಿ, ನೋಡಿ ಬೇಕಾದ್ರೆ.’ ಅಂಗಡಿಯ ಮುಂದಿದ್ದ ಕೊಳಾಯಿಗೆ ಹಿಡಿದೇ ತೋರಿಸಿದ. ಅವನ ಪಕ್ಕದ್ದೇ ಹಿತ್ತಾಳೆ ಸಾಮಾನಿನ ಅಂಗಡಿ. ಬಾಗಿಲ ಮೇಲ್ಗಡೆ ಕಂಬಿಗೆ ಸಾಲಾಗಿ ಪೂಜೆಯ ಗಂಟೆ, ದನದ ಗಂಟೆ ಕಟ್ಟಿದ್ದವು. ಕೊಳಾಯಿಯಿಂದ ಹಾರಿದ ನೀರಿಗೆ ಹಿಂದೆ ಸರಿದಾಗ ನನ್ನ ತಲೆ ತಾಗಿ ಅವು ಸದ್ದು ಮಾಡಿದವು. ನಾನು ತಲೆ ಉಜ್ಜಿಕೊಂಡು ಗಡಿಯಾರಕ್ಕೆ ಪೇಪರು ಸುತ್ತಿಸಿದೆ.

ಸಜ್ಜದ ಕೆಳಗೆ, ಅಪ್ಪನ ಕುರ್ಚಿಯ ನೇರ ಮೇಲೆ ಅದನ್ನು ಕೂರಿಸಿದೆವು. ಅಣ್ಣ ಏಣಿ ಹತ್ತಿದ್ದ. ನಾನು ಮರದ ಕೆಳಗೆ ನಿಂತು, ಎಡಕ್ಕೆ, ವಸಿ ಮೇಲಕ್ಕೆ, ಎಂದು ಹೇಳುತ್ತಿದ್ದೆ. ರಸ್ತೆಯ ಆ ತಿರುವಿನಿಂದಲೂ ಮುಳ್ಳು ಕಾಣುತ್ತಿತ್ತು. ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ ಅಪ್ಪನೊಬ್ಬನಿಗೆ ಕಾಣುತ್ತಿರಲಿಲ್ಲ. ಇದು ಯಾರ ಗಮನಕ್ಕೂ ಬರಲಿಲ್ಲ. ಮಾರನೆಯ ಬೆಳಿಗ್ಗೆ ಅವನು ಎಂದಿನಂತೆ ರಸ್ತೆಯಲ್ಲಿ ಹೋಗುವವನೊಬ್ಬನನ್ನು ಗಂಟೆ ಕೇಳಿದ. ಆತ ಸೈಕಲ್ಲು ನಿಲ್ಲಿಸಿ, ‘ನಿನ್ ತಲೆ ಮ್ಯಾಲೇ ಐತಲ್ಲ ಗೌಡ, ಊರ್ಗೆಲ್ಲ ಟೈಮ್ ಕೊಟ್ಬುಟ್ಟು ನಮ್ಮನ್ನ ಕೇಳ್ತೀಯಲ್ಲ’ ಅಂದ. ಮರದ ಕೆಳಗಿದ್ದವರು ನಕ್ಕರು. ಅಪ್ಪನೂ ನಕ್ಕ. ಆಮೇಲೆ ಅವನು ಯಾರನ್ನೂ ಗಂಟೆ ಕೇಳಲಿಲ್ಲ.

ಗಡಿಯಾರ ಜನರನ್ನು ಕರೆಯಿತು. ಮೊದಲು ಮರದ ಕೆಳಗೆ ನಿಲ್ಲುತ್ತಿದ್ದವರು ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಖಚಿತವಾದ ಮೇಲೆ ಅಂಗಳಕ್ಕೆ ಬಂದು ಕೂರತೊಡಗಿದರು. ಬೆಂಚು ಬಂತು. ಎಲೆಯಡಿಕೆ ತಟ್ಟೆ ಬಂತು. ಬಸ್ಸು ತಡವಾದರೆ ಕಂಡಕ್ಟರನನ್ನು ಅಂಗಳಕ್ಕೇ ಕರೆದು, ಮುಳ್ಳು ತೋರಿಸಿ ದಬಾಯಿಸುವ ತನಕ ಹೋಯಿತು. ಅಪ್ಪ ಅದಕ್ಕೆಲ್ಲ ಯಜಮಾನನಾಗಿ ನಡುವೆ ಕೂತಿರುತ್ತಿದ್ದ. ನಾನು ಭಾನುವಾರ ಹೋದಾಗ ಆ ಗದ್ದಲ ನೋಡಿ ಸಂತೋಷಪಟ್ಟೆ. ಒಳ್ಳೆಯದನ್ನು ಆರಿಸಿದೆ ಎಂದು ಅಣ್ಣನ ಹತ್ತಿರ ಹೇಳಿಕೊಂಡೆ ಕೂಡ.

ಆಗಿದ್ದದ್ದು ಏನೆಂದರೆ, ಮೊದಲು ಅಂಗಳ ಖಾಲಿಯಿದ್ದ ಗಳಿಗೆಗಳಾದರೂ ಅಪ್ಪನಿಗೆ ಸಿಗುತ್ತಿದ್ದವು. ಯಾರೂ ಇಲ್ಲದಾಗ ಒಮ್ಮೊಮ್ಮೆ ಕೋಲಿನಿಂದ ಬಾಗಿಲು ಬಡಿದು ಅತ್ತಿಗೆಯನ್ನು ಕರೆಯುತ್ತಿದ್ದನಂತೆ. ಈಗ ಅದೂ ತಪ್ಪಿತು. ಅವನು ಕಂಡುಕೊಂಡ ಉಪಾಯ, ಕುಡಿಯದೇ ಇರುವುದು. ಅತ್ತಿಗೆ ಕೊಟ್ಟ ಮಜ್ಜಿಗೆಯ ಲೋಟವನ್ನು ಕೈಯಲ್ಲಿ ಹಿಡಿದು ಮಾತಾಡುತ್ತ ಕೂತು, ಜನರ ಗಮನ ಬಸ್ಸಿನ ಕಡೆ ಹೋದಾಗ ಪಕ್ಕದ ಕ್ರೋಟನ್ ಡಬ್ಬಕ್ಕೆ ಸುರಿಯುತ್ತಿದ್ದ. ಡಬ್ಬದ ಮಣ್ಣು ಬೆಳ್ಳಗಾಗಿ ಇರುವೆ ಹತ್ತಿದ್ದನ್ನು ಅತ್ತಿಗೆ ನೋಡಿದ್ದರು. ಮಜ್ಜಿಗೆ ಹುಳಿಯಾಗಿದೆ ಎಂದು ಸಿಟ್ಟಾಗಿರಬೇಕು ಎಂದುಕೊಂಡು ಮಾರನೆಯ ದಿನ ಸಕ್ಕರೆ ಹಾಕಿ ಪಾನಕ ಮಾಡಿಕೊಟ್ಟರು. ಅದೂ ಗಿಡಕ್ಕೇ ಹೋಯಿತು.

ಬೇಸಗೆಯಲ್ಲಿ ಅಪ್ಪನಿಗೆ ಚಳಿಜ್ವರ ಬಂತು. ಕಿಬ್ಬೊಟ್ಟೆ ನೋವು, ಉರಿ. ಅಣ್ಣನ ಫೋನು ಬಂದು ನಾನು ಊರಿಗೆ ಓಡಿದೆ. ಇಬ್ಬರೂ ಸೇರಿ ಅವನನ್ನು ಬಾಡಿಗೆ ಕಾರಿನಲ್ಲಿ ಕೆ.ಆರ್. ಪೇಟೆಗೆ ಕರೆದೊಯ್ದೆವು. ಖಾಸಗಿ ದವಾಖಾನೆಯ ವೈದ್ಯರು ವಯಸ್ಸಾದವರು, ನಮ್ಮ ಕಡೆಯವರೇ. ಪರೀಕ್ಷೆ ಮಾಡಿ, ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಎಂದು ಕೇಳಿದರು.

‘ಕುಡೀತಾರೆ ಸಾರ್, ಮಜ್ಜಿಗೆ, ಪಾನ್ಕ, ಎಲ್ಲ ಕೊಡ್ತೀವಿ’ ಅಂದ ಅಣ್ಣ.

‘ನಿನ್ನ ಕೇಳ್ಲಿಲ್ಲ ಕಣಯ್ಯ, ಗೌಡ್ರನ್ನ ಕೇಳ್ದೆ’ ಅಂದರು ವೈದ್ಯರು.

ಅಪ್ಪ ನಮ್ಮಿಬ್ಬರನ್ನೂ ಬಿಟ್ಟು ಅವರನ್ನೇ ನೋಡುತ್ತ, ‘ಕುಡುದ್ರೆ ಎದ್ದೋಗ್ಬೇಕಲ್ಲ ಬುದ್ಧಿ’ ಅಂದ.

‘ಎದ್ದೋಗಿ.’

‘ಎಬ್ಬುಸೋರು ಬೇಕಲ್ಲ. ಎಣ್ಮಗ ಒಂದೇ ಇರ್ತದೆ ಮನೇಲಿ. ಅದನ್ನ ಕೂಗುದ್ರೆ ಬೀದಿಗೆ ಕೇಳ್ತದೆ. ಬಾಯಲ್ಲಿ ಕರೆಯೋದ್ ಬ್ಯಾಡ ಅಂತ ಒಂದು ಗಂಟೆ ಕಟ್ಟುಸ್ಕೊಡ್ಲಾ ಅಂದೆ. ಇವ್ನು ರೈಲ್ವೆ ಟೇಸನ್ ಗಡಿಯಾರ ತಂದು ತಲೆ ಮ್ಯಾಲೆ ಜಡುದ.’

ವೈದ್ಯರು ನಗಲು ತೊಡಗಿದರು. ನಕ್ಕು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ‘ಇವ್ರು ಏನ್ ಕೆಲ್ಸ ಮಾಡ್ತಾರೆ?’ ಎಂದು ನನ್ನನ್ನು ತೋರಿಸಿ ಕೇಳಿದರು.

‘ಪೇಪರ್ನೋನು. ಜನ ಯೋಳಿದ್ದ ಬರೀತಾನೆ’ ಅಂದ ಅಪ್ಪ.

ಅವನು ಚುಚ್ಚಲೆಂದು ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟ. ಅಣ್ಣ ನೆಲ ನೋಡುತ್ತಿದ್ದ. ನಾನು ಗೋಡೆಯ ಮೇಲೆ ಅಂಟಿಸಿದ್ದ ಲಸಿಕೆಯ ಪೋಸ್ಟರನ್ನು ಪೂರ್ತಿಯಾಗಿ ಓದಿದೆ.

ಜ್ವರ ಇಳಿದು ಅಪ್ಪ ಮತ್ತೆ ಅಂಗಳಕ್ಕೆ ಬರುವ ಹೊತ್ತಿಗೆ ನಾನು ಒಂದು ಹಿತ್ತಾಳೆ ಗಂಟೆ ತಂದಿದ್ದೆ. ಕುರ್ಚಿಯ ಕೈಗೆ ಕಟ್ಟಲು ಹೋದೆ. ಅಪ್ಪ ನನ್ನ ಕೈ ತಡೆದ.

‘ಈಗ ಬ್ಯಾಡ ಬುಡು. ಆಗ ಅಂಗ್ಳದಲ್ಲಿ ಯಾರೂ ಇರ್ತಿರ್ಲಿಲ್ಲ, ಮೊಳುಗುದ್ರೆ ಒಳೀಕೆ ಕೇಳ್ತಿತ್ತು, ಅಷ್ಟೇಯ. ಈಗ ಇಷ್ಟು ಜನ ಕುಂತಿರ್ತಾರೆ. ಅಲ್ಲಾಡುಸ್ದೇಟ್ಗೆ ಎಲ್ರೂ ನನ್ನೇ ನೋಡ್ತಾರೆ. ಗೌಡ್ರಿಗೆ ಆತುರ ಆಯ್ತು ಅಂತಾರೆ.’

‘ಅಂಗಾದ್ರೆ ಗಡಿಯಾರ ತೆಗುದ್ಬುಡ್ತೀನಿ’ ಅಂದ ಅಣ್ಣ.

‘ತೆಗೀ. ಯಾಕ್ ತೆಗುದ್ರಿ ಅಂತಾರೆ. ಏನಂತ ಯೋಳ್ತೀಯ?’ ಅಪ್ಪ ನನ್ನ ಕಡೆ ತಿರುಗಿದ. ‘ಇವನ್ ಕೈಲಿ ಬರಸ್ಬುಟ್ಟು ಬಾಗ್ಲಿಗೆ ಅಂಟ್ಸು.’

ಕುರ್ಚಿಯನ್ನು ಹಿತ್ತಲಿಗೆ ಹಾಕೋಣವೆಂದು ನಾನು ಹೇಳಿದೆ. ಅಲ್ಲಿ ಹತ್ತಿರದಲ್ಲೇ ಎಲ್ಲ ಇದೆ, ಯಾರೂ ಬರುವುದಿಲ್ಲ. ಅತ್ತಿಗೆ ಬಾಗಿಲ ಒಳಗಿನಿಂದ, ‘ಕೊಟ್ಗೆ ಗ್ವಾಡೆ ನೋಡ್ಕಂಡು ಕುಂತಿರ್ಲಿ ಅಂತೀಯೇನಪ್ಪ’ ಅಂದರು. ಮೆಲ್ಲಗೆ ಹೇಳಿದರು, ಆದರೂ ನನ್ನ ಮುಖ ಬಿಸಿಯಾಯಿತು. ಜನ ಬಂದು ಕೂರುವುದು ಅಪ್ಪನಿಗೆ ಬೇಕಾಗಿತ್ತು. ನಾಚಿಕೆ ಬೇಡವಾಗಿತ್ತು. ನಾನು ಅವೆರಡನ್ನೂ ಒಂದೇ ಮೊಳೆಗೆ ತೂಗುಹಾಕಿದ್ದೆ.

ದಾರಿ ಹುಡುಕಿದವರು ಅತ್ತಿಗೆ. ಯಾರನ್ನೂ ಕೇಳಲಿಲ್ಲ. ಬೆಳಗಿನ ಕೆಲಸದ ನಡುವೆ ಹೊರಗೆ ಬಂದು, ಎಲ್ಲರೂ ನೋಡುವ ಹಾಗೆ ಗಡಿಯಾರದತ್ತ ಕತ್ತೆತ್ತಿ, ‘ಮಾವ, ಮಾತ್ರೆ ಒತ್ತಾಯ್ತು ಬನ್ನಿ’ ಅನ್ನುತ್ತಿದ್ದರು. ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ಒಳಗೆ ಕರೆದೊಯ್ಯುತ್ತಿದ್ದರು. ಒಳಗಿನಿಂದ ಹಿತ್ತಲಿಗೆ. ಜನರಿಗೆ ಅದು ಮಾತ್ರೆ. ಮದುವೆಯಾಗಿ ಬಂದಾಗಿನಿಂದ ಹೊರಗಿನವರೆದುರು ಬಾಗಿಲ ಮರೆ ಬಿಡದಿದ್ದ ಹೆಂಗಸು ಹತ್ತಾರು ಗಂಡಸರ ನಡುವೆ ಹಾದು ಮಾವನ ತೋಳು ಹಿಡಿಯಬೇಕಾಯಿತು. ಮೊದಲ ಸಲ ಹಾಗೆ ಮಾಡಿದ ದಿನ ಒಲೆಯ ಮುಂದೆ ಬಹಳ ಹೊತ್ತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು ಎಂದು ಅಣ್ಣ ಹೇಳಿದ. ಅಪ್ಪ ಮಾತ್ರ ಮಜ್ಜಿಗೆ ಕುಡಿಯತೊಡಗಿದ.

ಇದಾದ ಮೇಲೆ ಒಂದು ಭಾನುವಾರ ಅತ್ತಿಗೆ ತವರಿಗೆ ಹೋಗಿದ್ದರು. ಅಣ್ಣ ಗದ್ದೆಯಿಂದ ಬಂದಿರಲಿಲ್ಲ. ಬೆಂಚಿನ ತುಂಬ ಜನ. ಅಪ್ಪ ಮಾತಾಡುತ್ತಿದ್ದವನು ಮಾತು ಕಡಿಮೆ ಮಾಡಿದ, ಆಮೇಲೆ ನಿಲ್ಲಿಸಿದ. ಎರಡು ಕೈಗಳನ್ನೂ ಕುರ್ಚಿಯ ಕೈಗಳ ಮೇಲೆ ಇಟ್ಟ. ಅದರ ಅರ್ಥ ಆ ವೇಳೆಗೆ ನನಗೆ ತಿಳಿದಿತ್ತು. ಅಲ್ಲಿಯವರೆಗೆ ನಾನು ಒಮ್ಮೆಯೂ ಅವನನ್ನು ಹಿತ್ತಲಿಗೆ ಕರೆದೊಯ್ದಿರಲಿಲ್ಲ. ಅಣ್ಣ ಇರುತ್ತಿದ್ದ, ಇಲ್ಲವೇ ಅತ್ತಿಗೆ. ನಾನು ಪೇಪರು ಓದುತ್ತಿರುತ್ತಿದ್ದೆ.

‘ಅಪ್ಪ, ಮಾತ್ರೆ ಹೊತ್ತಾಯ್ತು’ ಅಂದೆ. ನನ್ನ ದನಿ ಸಭೆಯಲ್ಲಿ ಮಾತಾಡಿದಂತೆ ದೊಡ್ಡದಾಗಿ ಬಂತು.

‘ಭಾನ್ವಾರಾನೂ ಬುಡಲ್ವಾ ಗೌಡ, ಈ ಮಾತ್ರೆ?’ ಬೆಂಚಿನ ಮೇಲಿನವನೊಬ್ಬ ಕೇಳಿದ.

‘ಡಾಕ್ಟ್ರಿಗೆ ಯೋಳು, ರಜ ಕೊಡ್ಲಿ’ ಅಂದ ಅಪ್ಪ, ಏಳುತ್ತ.

ಅವನ ಕಂಕುಳಿಗೆ ಕೈ ಹಾಕಿದಾಗ ಅವನು ಎಷ್ಟು ಹಗುರವಾಗಿದ್ದಾನೆ ಎಂದು ತಿಳಿಯಿತು. ಹಿತ್ತಲಲ್ಲಿ ಪಂಚೆ ಸರಿಮಾಡಲು ನನ್ನ ಕೈ ಅಡ್ಡಾದಿಡ್ಡಿ ಹೋಯಿತು. ಅಪ್ಪ ಒಂದು ಕೈಯಲ್ಲಿ ಗೋಡೆ ಹಿಡಿದು, ‘ಸೊಂಟ ಇಡ್ಕ. ಮಕ ಆಕಡೀಕೆ ತಿರುಗ್ಸು’ ಅಂದ. ತಿರುಗಿಸಿದೆ. ಕಾದೆವು. ಏನೂ ಆಗಲಿಲ್ಲ. ನಾನು ಅಲ್ಲಿರುವುದರಿಂದಲೇ ಅವನಿಗೆ ಆಗುತ್ತಿಲ್ಲ ಎಂದು ನನಗೆ ಗೊತ್ತಾಯಿತು, ನನಗೆ ಗೊತ್ತಾದದ್ದು ಅವನಿಗೂ ಗೊತ್ತಾಯಿತು. ಕೈ ಬಿಟ್ಟರೆ ಬೀಳುತ್ತಾನೆ. ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುವಷ್ಟು ಹತ್ತಿರ ನಿಂತಿದ್ದೆವು.

‘ಏನಾರ ಸುದ್ದಿ ಯೋಳ್ಲಾ’ ಅಂದ ಅಪ್ಪ.

‘ಯಾವ ಸುದ್ದಿ?’

‘ಯಾವುದಾರ. ಪೇಪರ್ಗೆ ಕಳುಸ್ತೀಯಲ್ಲ, ಅಂತಾದ್ದು.’

ಪಾಂಡವಪುರದ ಕಡೆ ನಾಲೆಗೆ ನೀರು ಬಿಡುವ ವಿಚಾರವಾಗಿ ಹಿಂದಿನ ದಿನ ಒಂದು ಸಭೆ ನಡೆದಿತ್ತು. ಅದನ್ನು ಶುರು ಮಾಡಿದೆ. ಯಾರು ಮೊದಲು ಎದ್ದರು, ಏನು ಕೇಳಿದರು, ಎಂಜಿನಿಯರು ಏನೆಂದರು.

‘ಗಟ್ಟಿಯಾಗ್ ಯೋಳು, ಬ್ಯಾರೇನೂ ಕೇಳ್ಬಾರ್ದು’ ಅಂದ.

ಕೊಟ್ಟಿಗೆಯ ಗೋಡೆಗೆ ಮುಖ ಮಾಡಿ, ಅವನ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದು, ಗಟ್ಟಿಯಾಗಿ ಹೇಳಿದೆ. ಸಭೆ ಮುಗಿಯಿತು. ಅಪ್ಪ ಇನ್ನೂ ಸಾಕು ಅಂದಿರಲಿಲ್ಲ. ಇನ್ನೊಂದು ಸುದ್ದಿ ತೆಗೆದೆ.